ಬಣ್ಣದ ಸಂಗಪ್ಪನ ಮೂಗು

ಬಣ್ಣದ ಸಂಗಪ್ಪ ಮಾತಾಡುವ ಮೊದಲು ಮೂಗು ಎತ್ತುತ್ತಿದ್ದ. ಇಳಕಲ್ಲಿನ ನಮ್ಮ ಓಣಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಈ ಮನುಷ್ಯನಿಗೆ ಇನ್ನೊಬ್ಬರು ಮಾಡಿದ್ದು ಯಾವುದೂ ಸರಿ ಕಾಣುತ್ತಿರಲಿಲ್ಲ. ಬೇರೆಯವರ ಕೆಂಪು ಕಂಡರೆ, "ಇದೇನು ಕೆಂಪೇನ್ರಿ? ಕುಂಕುಮ ಬೆವತಂಗ ಆಗೇತಿ" ಎನ್ನುತ್ತಿದ್ದ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಯೂನಿವರ್ಸಿಟಿ, ಬಾರಲೇ ಇಲ್ಲಿ. ಈ ನೂಲು ಯಾವಾಗ ಒಣಗತೈತಿ ಹೇಳು. ಹೇಳಾಕ ಬರೂದಿಲ್ಲಾ? ಮತ್ತ ಏನ್ ಓದಿ ಬಂದಿ?"

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಮೂಗಿನ ಮೇಲೊಂದು ಹುಣ್ಣು ಎದ್ದಿತು. ಎಡಗಡೆಯೋ ಬಲಗಡೆಯೋ ಈಗ ಹೇಳಲಾರೆ. ನೆನೆದಾಗಲೆಲ್ಲ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕಾಣುತ್ತದೆ. ಮಾಯುವುದು, ಮತ್ತೆ ಒಡೆಯುವುದು. ವರ್ಷವಿಡೀ ಅರಿಶಿಣ ಮೆತ್ತಿದ. ಹೆಂಡತಿ ನೀಲವ್ವ ಅತ್ತು ಕರೆದ ಮೇಲೆ ನನ್ನನ್ನು ಜೊತೆಗೆ ಕರೆದುಕೊಂಡು ಬಾಗಲಕೋಟೆಗೆ ಹೊರಟ. ಡಾಕ್ಟರು ಚರ್ಮದ ಕ್ಯಾನ್ಸರ್ ಎಂದರು. ನಿಧಾನಕ್ಕೆ ಹಬ್ಬುತ್ತದೆ, ಆದರೆ ಬಿಟ್ಟರೆ ಎಲುಬಿಗೆ ಇಳಿಯುತ್ತದೆ, ಈಗಲೇ ಕತ್ತರಿಸಿ ತೆಗೆಯೋಣ ಎಂದರು.

ಸಂಗಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ನಾ ಮಂದಿ ಮೂಗು ಕೊಯ್ಯಾಂವರಿ ಡಾಕ್ಟರ. ಕೊಯ್ಸಿಕೊಳ್ಳಾಂವ ಅಲ್ಲ."

ಕತ್ತಿಯಿಲ್ಲದ ದಾರಿಯನ್ನು ಹೇಳಿದವರೂ ಅದೇ ಡಾಕ್ಟರು. ಹುಬ್ಬಳ್ಳಿಯಲ್ಲಿ ವಿಕಿರಣ ಚಿಕಿತ್ಸೆ; ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಮೂಗು ಉಳಿಯುತ್ತದೆ, ಆದರೆ ಆರು ವಾರ, ಹೇಳಿದ ದಿನ ತಪ್ಪದೆ, ಕೊನೆಯತನಕ ಹೋಗಬೇಕು.

ಹೋದ. ಮೊದಲ ದಿನ ಜೊತೆಗೆ ನಾನೂ ಇದ್ದೆ. ಮಷೀನಿನ ಕೋಣೆಯಿಂದ ಹೊರಬಂದವನೇ, "ಸುಡಲಿಲ್ಲ, ಚುಚ್ಚಲಿಲ್ಲ. ಇಷ್ಟಕ್ಕ ಇಷ್ಟ ದೊಡ್ಡ ಮಷೀನ್ ಯಾಕ ಬೇಕಲೇ?" ಎಂದು ನನ್ನನ್ನೇ ಬೈದ. ದಿನಾ ಕೈಗನ್ನಡಿಯಲ್ಲಿ ಮೂಗನ್ನು ನೂಲಿನ ಲಡಿ ನೋಡುವಂತೆ ನೋಡಿಕೊಳ್ಳುತ್ತಿದ್ದ. ಮೂರನೆಯ ವಾರ ಚರ್ಮ ಕೆಂಪಾಯಿತು, ಹುಣ್ಣು ಒಣಗಿತು. ಸಂಗಪ್ಪ ಚೀಲ ಹೊತ್ತು ಊರಿಗೆ ಬಂದುಬಿಟ್ಟ.

"ಬಣ್ಣ ಹತ್ತಿದ ಮ್ಯಾಲೂ ಲಡಿ ಹಂಡ್ಯಾಗ ಬಿಟ್ರ ನೂಲು ಸಾಯ್ತೈತಿ. ನನ್ನ ಮೂಗಿಗೆ ಹತ್ತೇತಿ. ತಗದೆ."

ಕಣ್ಣಿಗೆ ಕಾಣುವುದು ಮೇಲಿನ ಚರ್ಮ, ರೋಗ ಇರುವುದು ಅದರ ಕೆಳಗೆ, ಅರ್ಧಕ್ಕೆ ಬಿಟ್ಟರೆ ತಿರುಗಿ ಬರುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದೆ.

"ನಿಮ್ಮ ಸಾಲ್ಯಾಗ ಕಣ್ಣು ಕಟ್ಟಿ ಕಲಸ್ತಾರೇನಲೇ ಯೂನಿವರ್ಸಿಟಿ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆಯುಷ್ಯವಿಡೀ ಅವನ ಬೈಗುಳ ತಿಂದ ಆ ಮಂದಿ, ಈಗ ಸರದಿಯಲ್ಲಿ ಬಂದು ಮೂಗು ನೋಡಿ ತಲೆದೂಗಿ ಹೋದರು. "ಡಾಕ್ಟರ ಮಂದೀನೂ ನಿಮ್ಮ ಕಡೆ ಕಲೀಬೇಕು ಕಾಕಾ" ಎಂದವರೂ ಉಂಟು. ಒಂದು ವರ್ಷ ಆ ಮೂಗು ಓಣಿಯಲ್ಲಿ ಮೆರೆಯಿತು.

ಆಮೇಲೆ ರೋಗ ತಿರುಗಿ ಬಂತು, ಆಳಕ್ಕೆ. ಈ ಸಲ ಕತ್ತಿ ಬಿಟ್ಟರೆ ದಾರಿ ಇರಲಿಲ್ಲ. ಮೂಗು ಹೋಯಿತು. ಕನ್ನಡಕಕ್ಕೆ ಅಂಟಿಸಿದ ರಬ್ಬರಿನ ಮೂಗು ಹಾಕಿಕೊಂಡು ಊರಿಗೆ ಬಂದ ಸಂಗಪ್ಪ ಮೊದಲು ಆಡಿದ ಮಾತು: "ಇದ್ಯಾವ ಊರ ಬಣ್ಣಲೇ? ಯಾವನೋ ಸಾಹೇಬನ ಮೂಗು ಇದ್ದಂಗ ಐತಿ."

ಅದನ್ನು ತೆಗೆದು ತನ್ನ ಬಣ್ಣದ ಹಂಡೆಗೇ ಹಾಕಿದ. ಮೊದಲ ಸಲ ನೇರಳೆ ಬಣ್ಣಕ್ಕೆ ತಿರುಗಿತು. "ಮಾರಿಗೆ ಬದನಿಕಾಯಿ ಕಟಗೊಂಡು ತಿರಗ್ತೀರೇನ್ರಿ?" ಎಂದಳು ನೀಲವ್ವ. ಅವನು ಜಗ್ಗಲಿಲ್ಲ. ಅದ್ದುವುದು, ಬಿಸಿಲಿಗೆ ಒಣಗಿಸುವುದು, ಕೆನ್ನೆಗೆ ಹಿಡಿದು ನೋಡುವುದು, ಮತ್ತೆ ಅದ್ದುವುದು. ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಅವನನ್ನು ಕಡೆಯ ಸಲ ಕಂಡದ್ದು ಹಾಗೆ, ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ, ಮುಖಕ್ಕೆ ಟವೆಲು ಸುತ್ತಿಕೊಂಡು. ರೋಗ ಅಷ್ಟರಲ್ಲಿ ಎಲುಬಿಗೆ ಇಳಿದಿತ್ತು. ಆ ಬೇಸಿಗೆ ಅವನು ದಾಟಲಿಲ್ಲ.

ಮೊನ್ನೆ ಹೋದಾಗ ನೀಲವ್ವ ಗೋಡೆಯ ಮಾಡದಿಂದ ಮೂಗಿನ ಸಮೇತ ಆ ಕನ್ನಡಕ ತೆಗೆದು ತೋರಿಸಿದಳು. "ನೋಡಪಾ, ಅವರ ಮಾರಿ ಬಣ್ಣ. ಬಿಸಿಲು ಬಡದ್ರೂ ಹೋಗಿಲ್ಲ." ಅದು ಅವನ ಮುಖದ ಬಣ್ಣವೇ ಹೌದೋ ಅಲ್ಲವೋ, ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಆದರೆ ಬಣ್ಣ ಪಕ್ಕಾ ಇತ್ತು. ಹುಬ್ಬಳ್ಳಿಯಿಂದ ಅರ್ಧಕ್ಕೆ ಎದ್ದು ಬಂದ ಮನುಷ್ಯ, ರಬ್ಬರಿನ ಮೂಗನ್ನು ಮಾತ್ರ ಬಣ್ಣ ಪೂರ್ತಿ ಹಿಡಿಯುವ ತನಕ ಹಂಡೆಯಿಂದ ತೆಗೆದಿರಲಿಲ್ಲ.