ಕುವೈತಿಗೆ ಹೊರಟ ಟೇಪು

ಕಳೆದ ಮಂಗಳವಾರ ಮಣಿಪಾಲದ ಸ್ಟೇಷನರಿ ಅಂಗಡಿಯಲ್ಲಿ ಎರಡು ರೋಲು ಕಂದು ಟೇಪು ಕೊಂಡೆ. ವಿಷಾನಿಲ ತಡೆಯುವುದಕ್ಕೆ.

ನಗಬೇಡಿ. ತರಲು ಹೇಳಿದ್ದು ಕಾಪುವಿನಲ್ಲಿರುವ ನನ್ನ ಅಕ್ಕ ಸುಮತಿ. ಭಾವ ಕುವೈತಿನಲ್ಲಿ ಎ.ಸಿ. ಮೆಕ್ಯಾನಿಕ್. ಯುದ್ಧವಾದರೆ ಇರಾಕಿನ ಸರ್ವಾಧಿಕಾರಿ ವಿಷಾನಿಲ ಬಿಟ್ಟಾನು, ಒಂದು ಕೋಣೆಯ ಕಿಟಕಿಗಳನ್ನು ಪ್ಲಾಸ್ಟಿಕ್, ಟೇಪು ಹಾಕಿ ಮುಚ್ಚಿಕೊಳ್ಳಿ ಎಂದು ಅಲ್ಲಿಯವರಿಗೆ ಹೇಳಿದ್ದಾರಂತೆ. ಭಾವನಿಗೆ ಪ್ಲಾಸ್ಟಿಕ್ ಸಿಕ್ಕಿತು. ಟೇಪು ಮಾತ್ರ ಅಲ್ಲಿನ ಅಂಗಡಿಗಳಲ್ಲಿ ಖಾಲಿ.

ಊರಿಗೆ ಬಂದುಬಿಡಬಾರದೇ? ಬರಬಹುದು, ಪಾಸ್‌ಪೋರ್ಟ್ ಇದ್ದರೆ. ಅದು ಇರುವುದು ಮಾಲೀಕನ ಕಪಾಟಿನಲ್ಲಿ. (ಅಲ್ಲಿ ಅದೇ ರೂಢಿ.) ಮಾಲೀಕ ಕಪಾಟಿಗೆ ಬೀಗ ಹಾಕಿ, ಹೆಂಡತಿ ಮಕ್ಕಳೊಂದಿಗೆ ಲಂಡನ್ನಿಗೆ ಹೋಗಿದ್ದಾನೆ.

ಅದೃಷ್ಟಕ್ಕೆ, ಕುವೈತಿನಲ್ಲೇ ಕೆಲಸದಲ್ಲಿರುವ ಎಲ್ಲೂರಿನ ದಯಾನಂದಣ್ಣನ ರಜೆ ಮುಗಿದಿತ್ತು. ಯುದ್ಧದ ಬಾಯಿಗೇ ವಾಪಸ್ ಹೊರಟಿದ್ದರು. ತಡವಾದರೆ ಕೆಲಸ ಹೋಗುತ್ತದೆ. ಗಲ್ಫಿಗೆ ಹೋಗುವವರು ಗುರುತಿನ ಮನೆಗಳ ಪಾರ್ಸೆಲ್ ಒಯ್ಯುವುದು ನಮ್ಮಲ್ಲಿ ಪದ್ಧತಿ. ಅದೇ ಸಂಜೆ ಮುಂಬೈ ಬಸ್ಸಿಗೆ ಮೊದಲು ಅಕ್ಕನ ಮನೆಗೆ ಬಂದರು.

ಪಕ್ಕದ ಮನೆಯ ರಾಘುಮಾಮನೂ ಟಿ.ವಿ. ಸುದ್ದಿ ನೋಡುತ್ತಾ ಅಲ್ಲೇ ಕೂತಿದ್ದರು. "ಎಂತದೇ ಹೇಳು, ಆ ಇರಾಕಿನವನಿಗೆ ದಮ್ ಉಂಟು ಮಾರಾಯ. ದೊಡ್ಡ ದೊಡ್ಡ ದೇಶಗಳಿಗೇ ಹೆದರುವುದಿಲ್ಲ. ನಮಗೂ ಅಂಥವನೊಬ್ಬ ಬೇಕಿತ್ತು."

ದಯಾನಂದಣ್ಣ ಚಹಾ ಲೋಟ ಕೆಳಗಿಟ್ಟರು. "ತರಬೇಕಾ ಮಾಮ? ಬರುವಾಗ ಹಿಡಿದುಕೊಂಡು ಬರುತ್ತೇನೆ. ನಿಮ್ಮ ಮನೆಯಲ್ಲಿ ಜಾಗ ಉಂಟಲ್ವಾ?"

ರಾಘುಮಾಮ ಎದ್ದು ಟಿ.ವಿ.ಯ ಸದ್ದು ಹೆಚ್ಚಿಸಿದರು.

ನನಗೆ ಡೈರಿ ಬರೆಯುವ ಚಟ. ಈ ತಿಂಗಳು ಮೂರು ಕಾಲಂ ಎಳೆದಿದ್ದೇನೆ: ಯುದ್ಧದ ಪರ ಇರುವ ದೇಶಗಳು, ವಿರೋಧ ಇರುವವು, ಸುಮ್ಮನಿರುವವು. ಮೂರನೆಯದೇ ಉದ್ದ. ಇಡೀ ಅರಬ್ ಜಗತ್ತಿಗೆ ತಾನೇ ದೊರೆ ಎಂದು ಹೊರಟವನು ಆ ಸರ್ವಾಧಿಕಾರಿ. ಒಂದು ನೆರೆಯ ದೇಶದೊಂದಿಗೆ ಯುದ್ಧಕ್ಕಿಳಿದಾಗ ಜಗತ್ತು ಅವನಿಗೆ ಆಯುಧ ಮಾರಿತು. ತನ್ನದೇ ಜನರ ಮೇಲೆ ವಿಷಾನಿಲ ಬಿಟ್ಟಾಗ ಬೇರೆಡೆ ನೋಡಿತು. ಕುವೈತನ್ನು ನುಂಗಿದ ಮೇಲೆ ಎದ್ದು ಕುಳಿತಿತು. ಈಗ ಅವನನ್ನು ಇಳಿಸಲು ಅವನ ಜನರ ಮೇಲೆಯೇ ಬಾಂಬು. ಎಷ್ಟು ಮೊದಲೇ ಎಚ್ಚರವಾಗಬಹುದಿತ್ತು, ಅಲ್ಲವೇ?

ಅವನು ಕುವೈತನ್ನು ನುಂಗಿದ ವರ್ಷ, 1990ರಲ್ಲಿ, ಭಾವ ಅಲ್ಲೇ ಇದ್ದರು. ಆಗಿನ್ನೂ ಮದುವೆಯಾಗಿರಲಿಲ್ಲ. ಮರುಭೂಮಿ ದಾಟಿ, ಉಟ್ಟ ಬಟ್ಟೆಯಲ್ಲಿ ಊರಿಗೆ ಬಂದವರು. ಆ ದಾರಿಯ ಬಗ್ಗೆ ಅಕ್ಕನ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಇತ್ತ ಅಕ್ಕ ಪೆಟ್ಟಿಗೆ ಕಟ್ಟುತ್ತಿದ್ದಳು. ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು. ಗಲ್ಫ್ ಪೆಟ್ಟಿಗೆ ಕಟ್ಟುವುದನ್ನು ನೀವು ನೋಡಿರಬಹುದು. ರಟ್ಟು ಒಂದಿಷ್ಟೂ ಕಾಣದ ಹಾಗೆ ಸುತ್ತಲೂ ಟೇಪು ಸುತ್ತಬೇಕು. ಅಡ್ಡ, ಉದ್ದ, ಮತ್ತೆ ಮೂಲೆಗಳಿಗೆ. ಅಕ್ಕನ ಕೈಗೆ ಅದು ಅಭ್ಯಾಸ. ಕಣ್ಣು ಟಿ.ವಿ.ಯಲ್ಲಿ, ಕೈ ಪೆಟ್ಟಿಗೆಯಲ್ಲಿ. ಕೊನೆಗೆ ಮಾರ್ಕರಿನಲ್ಲಿ ಭಾವನ ಹೆಸರು ಬರೆದಳು.

"ಅಕ್ಕಾ, ಒಳಗೆ ಇಡಬೇಕಿದ್ದ ಟೇಪು ಎಲ್ಲಿ?" ಎಂದು ಕೇಳಿದೆ.

ಅಕ್ಕ ನೆಲ ನೋಡಿದಳು. ಎರಡು ಖಾಲಿ ರಟ್ಟಿನ ಬಳೆಗಳು. ಒಂದನ್ನು ಕೈಗೆತ್ತಿಕೊಂಡು ನಗಲು ಶುರು ಮಾಡಿದಳು. "ಅಯ್ಯೋ ದೇವರೇ, ಎಂತ ಮಾಡಿದೆ ನಾನು!" ನಾವೂ ನಕ್ಕೆವು. ಅವಳದು ನಗು ಅಲ್ಲ ಎಂದು ನಮಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಂಗಡಿಗೆ ಓಡೋಣವೆಂದರೆ ಬಸ್ಸಿಗೆ ಹೊತ್ತಾಗಿತ್ತು. "ಅಳಬೇಡ ಸುಮತಿ. ಪೆಟ್ಟಿಗೆಯಿಂದ ಮೆಲ್ಲ ಬಿಡಿಸಿ ಕಿಟಕಿಗೆ ಅಂಟಿಸುತ್ತೇವೆ" ಎಂದರು ದಯಾನಂದಣ್ಣ. ಒಮ್ಮೆ ಅಂಟಿದ ಟೇಪು ಮತ್ತೆ ಅಂಟುತ್ತದೆಯೇ?

ಗುರುವಾರ ಯುದ್ಧ ಶುರುವಾಯಿತು. ಕುವೈತಿನ ಕಡೆಗೂ ಕ್ಷಿಪಣಿಗಳು ಬಂದವಂತೆ. ದಯಾನಂದಣ್ಣನ ವಿಮಾನ ರದ್ದು. ಅವರು ಮುಂಬೈಯಿಂದ ವಾಪಸ್ ಬಂದರು, ಪೆಟ್ಟಿಗೆಯೂ ಬಂತು. ಭಾವನ ಫೋನು ಮಾತ್ರ ಬಂದಿಲ್ಲ. ನಾವು ಮಾಡಿದರೆ ಲೈನು ಸಿಗುವುದಿಲ್ಲ.

ನಿನ್ನೆ ಕಾಪುವಿಗೆ ಹೋಗಿದ್ದೆ. ಪೆಟ್ಟಿಗೆ ಚಾವಡಿಯಲ್ಲಿದೆ. ಬಿಚ್ಚಲೇ ಎಂದೆ. "ಬೇಡ. ವಿಮಾನ ಬಿಟ್ಟ ಕೂಡಲೇ ಕಳಿಸಬೇಕಲ್ಲ" ಎಂದಳು ಅಕ್ಕ. ಮೂಲೆಯಲ್ಲಿ ಎದ್ದಿದ್ದ ಟೇಪನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದಳು.

ಕಾಪುವಿನಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಈಗ ಯಾವ ವಿಷಾನಿಲವೂ ತಾಗದಷ್ಟು ಭದ್ರವಾಗಿದೆ. ಭಾವ ತನ್ನ ಕಿಟಕಿಗೆ ಏನು ಅಂಟಿಸಿಕೊಂಡಿದ್ದಾರೋ?