ಜನರೇಟರ್ ಕೊಡುವುದಿಲ್ಲ ಎಂದ ಅಂಗಡಿಯಾಕೆ

“ಇದನ್ನ ನಿಮಗ ಕೊಡಂಗಿಲ್ರೀ ಅಣ್ಣಾರ,” ಎಂದು ರಾಯಚೂರಿನ ಅಂಗಡಿಯಾಕೆ ನಾನು ಆರಿಸಿದ್ದ ಪುಟ್ಟ ಇನ್ವರ್ಟರ್ ಜನರೇಟರನ್ನು ತಮ್ಮತ್ತ ಎಳೆದುಕೊಂಡರು.

ಅಪರೂಪಕ್ಕೆ ಕರೆಂಟ್ ಹೋದಾಗ ಅವ್ವನ ಫ್ಯಾನಿಗೆ ಸಾಕೆಂದು ಅಗ್ಗದ್ದನ್ನೇ ಹುಡುಕಿದ್ದೆ. ಅಗ್ಗವೆಂದರೆ ಏನೋ ಐಬಿರಬೇಕೆಂದು ಸದ್ದು, ಗ್ಯಾರಂಟಿ, ಪೆಟ್ರೋಲು ಎಲ್ಲವನ್ನೂ ಕೆದಕಿ ಕೇಳಿದ್ದೆ. ಆಕೆ ಕೇಳಿದ್ದು ಒಂದೇ, ಎಲ್ಲಿ ಇಡುತ್ತೀರಿ ಎಂದು.

“ಅವ್ವ ಮಲಗೋ ಕೋಣ್ಯಾಗ್ರಿ. ಹೊರಗಿಟ್ರ ಕಳ್ಳರು ಬಿಡ್ತಾರೇನ್ರಿ?” ಎಂದಿದ್ದೆ.

ಈಗ ಕೊಡುವುದಿಲ್ಲ ಎಂದಾಗ, ದುಬಾರಿಯದನ್ನು ಗಂಟು ಹಾಕುವ ಹೂಟವೆಂದೇ ಶಂಕಿಸಿದೆ.

“ಕೋಣ್ಯಾಗ ಹಚ್ಚಿದ್ರ ಹೊಗಿಗೆ ಅವ್ವಾರು ಮಲಗಿದಲ್ಲೇ ಹೋಗ್ತಾರ್ರಿ. ಕಳ್ಳ ಬಂದ್ರ ಮಶೀನ್ ಅಷ್ಟ ಹೋಗ್ತದ.”

ಮನೆಯಿಂದ ದೂರ, ಬಯಲಲ್ಲೇ ಇಡುತ್ತೇನೆಂದು ಮಾತು ಕೊಟ್ಟ ಮೇಲೆಯೇ ಆಕೆ ಬಿಲ್ ಬರೆದರು. ಊರನ್ನೆಲ್ಲ ಅನುಮಾನಿಸುವ ನಾನು ಅಂದಿನಿಂದ ಮೊದಲು ನನ್ನ ಮುನ್ನೆಚ್ಚರಿಕೆಯನ್ನೇ ಅನುಮಾನಿಸುತ್ತೇನೆ.