ದಾಕಿನ ಪುಸ್ತಕದಲ್ಲಿ ಸಿಕ್ಕ ತವರು

ಬೆಳಗಿನ ಆರೂವರೆ. ಕೊಳ್ಳೇಗಾಲದ ಹಳೆಯ ಸರ್ಕಾರಿ ಕಚೇರಿಯೊಂದರ ಹಿಂದಿನ ಜಗಲಿಯಲ್ಲಿ ಚಿಕ್ಕಮಾದಪ್ಪನವರು ಗಂಟು ಬಿಚ್ಚುತ್ತಿದ್ದಾರೆ. ಕೆಂಪು ಬಟ್ಟೆಯಲ್ಲಿ ಸುತ್ತಿದ ಹಳೆಯ ಕಾಗದದ ಗಂಟು. ಬಿಚ್ಚಿದ ಕೂಡಲೇ ಹಾಳೆ ಮುಟ್ಟುವುದಿಲ್ಲ. ಮೊದಲು ಬಗ್ಗಿ ಮೂಸಿ ನೋಡುತ್ತಾರೆ. ಗೆದ್ದಲು ಹತ್ತಿದ ಕಾಗದಕ್ಕೆ ಹಸಿ ಮಣ್ಣಿನ ವಾಸನೆ ಇರುತ್ತದಂತೆ. ವಾಸನೆ ಇಲ್ಲದಿದ್ದರೆ ಬಿಸಿಲಿಗೆ ಹರಡಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಒಣಬೇವಿನ ಸೊಪ್ಪು ಸೇರಿಸಿ ಮತ್ತೆ ಕಟ್ಟುತ್ತಾರೆ.

"ಮಸಿ ಎಳೇ ಬಿಸ್ಲು ತಡೀತದೆ ಸಾ. ಬಲ್ತ ಬಿಸ್ಲು ತಡಿಯಾಕಿಲ್ಲ," ಎನ್ನುತ್ತಾರೆ.

ದಿನಕ್ಕೆ ಹನ್ನೆರಡು ಗಂಟು. ಕೋಣೆಯಲ್ಲಿರುವುದು ಸಾವಿರದ ನಾನ್ನೂರ ಹತ್ತು. ಎಣಿಸಿದ್ದು ಅವರೇ, ನಾನು ಒಂದು ಬೀರುವನ್ನು ಮಾತ್ರ ಎಣಿಸಿ ನೋಡಿದೆ, ಸರಿಯಾಗಿತ್ತು. ಒಂದು ಸುತ್ತು ಮುಗಿಯಲು ನಾಲ್ಕೈದು ತಿಂಗಳು ಬೇಕು. ಮುಗಿದ ಮರುದಿನ ಮೊದಲ ಗಂಟಿನಿಂದ ಮತ್ತೆ ಶುರು. ಇದನ್ನು ಮಾಡೆಂದು ಅವರಿಗೆ ಯಾರೂ ಹೇಳಿಲ್ಲ. ಅವರ ಹುದ್ದೆ ಜವಾನನದು. ಕೇಳಿದ ಗಂಟು ತಂದುಕೊಡುವುದು, ಕೊಟ್ಟದ್ದನ್ನು ಒಳಗಿಡುವುದು. ಪತ್ರಿಕೆಯಲ್ಲಿ ಕಚೇರಿಯ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಹನೂರಿನ ಕಡೆಯ ಹಳ್ಳಿಯವರು. ಕೆಲಸಕ್ಕೆ ಸೇರಿದ್ದು ಮೂವತ್ತಮೂರು ವರ್ಷದ ಹಿಂದೆ, 1936ರಲ್ಲಿ. ಆಗ ಈ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಬರೆಯುವುದೆಲ್ಲ ತಮಿಳಿನಲ್ಲಿ. ಗುಮಾಸ್ತರೊಬ್ಬರ ಬಳಿ ಅಕ್ಷರ ಕಲಿತರು. 1956ರಲ್ಲಿ ತಾಲ್ಲೂಕು ಮೈಸೂರಿಗೆ ಬಂತು. ತಮಿಳು ಬಲ್ಲವರು ಒಬ್ಬೊಬ್ಬರಾಗಿ ವರ್ಗವಾಗಿ ಹೋದರು, ಕಾಗದಗಳು ಉಳಿದವು. ಈಗ ಹಳೆಯ ಜನನ, ಮರಣ, ಜಮೀನಿನ ವಿಷಯ ಕೇಳಿಕೊಂಡು ಯಾರೇ ಬಂದರೂ ಓದುವವರು ಚಿಕ್ಕಮಾದಪ್ಪನವರು, ಬರೆಯುವವರು ಗುಮಾಸ್ತರು, ಸಹಿ ಮಾಡುವವರು ಮೇಲಿನವರು. ಪತ್ರದಲ್ಲಿ ಇವರ ಹೆಸರು ಎಲ್ಲೂ ಬರುವುದಿಲ್ಲ.

ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಮಕ್ಕಳಿಲ್ಲ. ರೇಷ್ಮೆ ನೂಲು ಬಿಚ್ಚುವವರ ಬೀದಿಯಲ್ಲಿ ಒಂದು ಕೋಣೆ. ಭಾನುವಾರ ಏನು ಮಾಡುತ್ತೀರಿ ಎಂದು ಕೇಳಿದೆ. "ಬಟ್ಟೆ ಒಗೀತೀನಿ," ಎಂದು ಮುಂದಿನ ಗಂಟಿಗೆ ಕೈ ಹಾಕಿದರು. ಕೇಳಬಾರದಿತ್ತೇನೋ ಎನಿಸಿತು.

ಹೋದ ವರ್ಷ ಶ್ರಾವಣದಲ್ಲಿ ಮಾಂಬಳ್ಳಿಯಿಂದ ಶಿವರತ್ನಮ್ಮ ಎಂಬವರು ಈ ಜಗಲಿಗೆ ಬಂದರು. ಅರವತ್ತು ವರ್ಷದ ಹೆಂಗಸು. ಮಾಂಬಳ್ಳಿ ಇರುವುದು ಯಳಂದೂರಿನ ಕಡೆ. ಮಹಾರಾಜರ ಕಾಲದಲ್ಲೂ ಮೈಸೂರಿನದೇ. ಅವರ ತಾಯಿ ದೊಡ್ಡಬಸಮ್ಮ ಅಲ್ಲಿಗೆ ಸೊಸೆಯಾಗಿ ಬಂದದ್ದು ಗಡಿಯಾಚೆಯ ಬ್ರಿಟಿಷ್ ಸೀಮೆಯಿಂದ, ಎಂದರೆ ಈ ಕೊಳ್ಳೇಗಾಲದ ಕಡೆಯಿಂದ. ಯಾವ ಊರು ಎಂದು ಮಗಳಿಗೆ ಗೊತ್ತಿಲ್ಲ. 1918ರ ಜ್ವರದಲ್ಲಿ ತಾಯಿ ತೀರಿಕೊಂಡಾಗ ಶಿವರತ್ನಮ್ಮನಿಗೆ ಒಂಬತ್ತು ವರ್ಷ. ಊರು ಬಲ್ಲ ಹಿರಿಯರೂ ಅದೇ ಜ್ವರದಲ್ಲಿ ಹೋದರು. ತಂದೆ ಬೇರೆ ಮದುವೆಯಾದರು, ಆ ಮನೆಯಲ್ಲಿ ಹಳೆಯ ಹೆಂಡತಿಯ ಮಾತೆತ್ತುವ ಹಾಗಿರಲಿಲ್ಲ.

ತವರಿನಿಂದ ಒಂದು ದಿನವೂ ಯಾರೂ ಬರಲಿಲ್ಲವೆಂದು ಬೀದಿಯವರು ಒಂದು ಕಥೆ ಕಟ್ಟಿದ್ದರು: ಆಕೆ ತವರಿಲ್ಲದವಳು, ಬರಗಾಲದಲ್ಲಿ ಸಂತೆಯಲ್ಲಿ ಸಿಕ್ಕಿದವಳು. ಐವತ್ತು ವರ್ಷ ಕಳೆದ ಮೇಲೂ, ಬಚ್ಚಲ ನೀರಿನ ಜಗಳದಲ್ಲಿ ಎದುರು ಮನೆಯ ಮುದುಕಿ ಅದನ್ನೇ ಆಡಿದಳು. "ಸಂತೇಲಿ ಸಿಕ್ದೋಳ ಮಗ್ಳು, ನೀನೇನ್ ಏಳ್ತೀಯೆ ನಂಗೆ?"

"ನಾನು ಸಾಯೋದ್ರೊಳಗೆ ನಮ್ಮವ್ವ ಯಾರ ಮನೆ ಮಗ್ಳು ಅಂತ ಏಳ್ಬೇಕು ಕಣಪ್ಪ," ಎಂದು ಶಿವರತ್ನಮ್ಮ ಕೇಳಿಕೊಂಡರಂತೆ. ತಾಯಿಯ ಗುರುತೆಂದು ಅವರ ಬಳಿ ಇದ್ದದ್ದು ಎರಡು. ಸಿಟ್ಟು ಬಂದಾಗ ತಾಯಿ "ನಾನು ಗುರುಪಾದಪ್ಪನ ಮಗ್ಳು, ಎದ್ರುಕತೀನಾ?" ಅನ್ನುತ್ತಿದ್ದಳು. ಮತ್ತೆ ಅವಳ ಎಡತೋಳಿನ ಮೇಲೆ ಎರಡು ದುಂಡು ಗುಳಿಗಳಿದ್ದವು. ಬೀದಿಯ ಬೇರೆ ಹೆಂಗಸರ ತೋಳಿನಲ್ಲಿ ಅಂಥವು ಇರಲಿಲ್ಲ.

ಗುಳಿ ಎಂದ ಕೂಡಲೇ ಚಿಕ್ಕಮಾದಪ್ಪನವರಿಗೆ ಗೊತ್ತಾಯಿತು. ಸಿಡುಬಿಗೆ ದಾಕು ಹಾಕಿದ ಗುರುತು. ಆ ಕಾಲದಲ್ಲಿ ದಾಕು ಹಾಕುವವನು ಊರೂರು ತಿರುಗಿ, ಮಗುವಿನ ಹೆಸರು, ವಯಸ್ಸು, ತಂದೆಯ ಹೆಸರು ಬರೆದುಕೊಳ್ಳುತ್ತಿದ್ದ. ಅಂಥ ಇಪ್ಪತ್ತಾರು ಪುಸ್ತಕಗಳು ಕೋಣೆಯ ಮೂಲೆಯಲ್ಲಿವೆ. ಯಾರೂ ಕೇಳಿದ್ದಿಲ್ಲ. ಊಟದ ಬಿಡುವಿನಲ್ಲಿ ಒಂದೊಂದೇ ತೆಗೆದು ಹುಡುಕಲು ಕೂತರು. ದೊಡ್ಡಬಸಮ್ಮ, ತಂದೆ ಗುರುಪಾದಪ್ಪ. ಐದು ತಿಂಗಳಾಯಿತು. ಇಪ್ಪತ್ತಾರೂ ಮುಗಿದವು. ಗುರುಪಾದಪ್ಪ ಎಂಬ ತಂದೆಯರು ಊರೂರಿಗೂ ಇದ್ದರು, ದೊಡ್ಡಬಸಮ್ಮ ಎಂಬ ಮಗು ಮಾತ್ರ ಇಲ್ಲ.

ಶಿವರತ್ನಮ್ಮ ತಿಂಗಳಿಗೊಮ್ಮೆ ಬಸ್ಸಿಗೆ ಬಂದು ಹೋಗುತ್ತಿದ್ದರು. ಆರನೆಯ ಸಲ ಬಂದಾಗ ಇವರು ಇಲ್ಲವೆಂದು ಹೇಳಲಾರದೆ, ಏನಾದರೂ ಮಾತಾಡಬೇಕಲ್ಲ ಎಂದು, "ನಿಮ್ಮವ್ವನ ಅತ್ತೆ ಎಸ್ರೇನವ್ವ?" ಎಂದರು.

"ಪುಟ್ಟಮಲ್ಲಮ್ಮ."

"ನಿಮ್ಮವ್ವ ಬರೋವಾಗ ಆಯಮ್ಮ ಬದುಕಿದ್ರಾ?"

"ಬದುಕಿದ್ರಾ ಅಂತ ಕೇಳ್ತೀಯಲ್ಲಪ್ಪ, ಊರಿಗೇ ಕೇಳೋ ಅಂಗೆ ಬದುಕಿದ್ರು."

ಅಲ್ಲಿ ತಪ್ಪು ತಿಳಿಯಿತು. ಈ ಕಡೆ ಬರುವ ಸೊಸೆಯ ಹೆಸರೂ ಅತ್ತೆಯ ಹೆಸರೂ ಒಂದೇ ಆದರೆ, ಧಾರೆಯ ದಿನವೇ ಸೊಸೆಗೆ ಬೇರೆ ಹೆಸರಿಡುತ್ತಾರೆ. "ಅತ್ತೆ ಎಸ್ರಿಡ್ದು ಸೊಸೇನ ಬಯ್ಯಾಕಾಯ್ತದಾ ಸಾ? ಬಯ್ಯದೆ ಇದ್ರೆ ಸಂಸಾರ ಎಂಗೆ ನಡೀತದೆ?" ಎಂದು ನಗುತ್ತಾರೆ. ಆ ನಗು ಬೇಗ ನಿಲ್ಲುತ್ತದೆ. "ನಂಗೆ ಮೊದ್ಲೇ ಒಳೀಬೇಕಾಗಿತ್ತು. ನನ್ ಎಂಡ್ತಿ ಎಸ್ರೂ ಬದ್ಲಾಗಿತ್ತು, ಎಸ್ರುಬಲ ಕೂಡಿಲ್ಲ ಅಂತ. ತವರಲ್ಲಿ ಏನಂತಿದ್ರೋ, ಧಾರೆ ದಿನ ಒಂದ್ಸಲ ಕೇಳಿದ್ದೆ. ಇಪ್ಪತ್ತೇಳು ವರ್ಸ ಜೊತೇಲಿದ್ಲು, ಮತ್ತೆ ಕೇಳ್ಲಿಲ್ಲ. ಈಗ ಕೇಳಾಣ ಅಂದ್ರೆ ಅವಳ ಕಡೆಯೋರು ಯಾರೂ ಉಳ್ದಿಲ್ಲ."

ದೊಡ್ಡಬಸಮ್ಮ ಎಂಬುದು ಮಾಂಬಳ್ಳಿಯಲ್ಲಿ ಇಟ್ಟ ಹೆಸರಾದರೆ ತವರಿನ ಹೆಸರು ಅತ್ತೆಯದೇ ಇರಬೇಕು ಎಂದು ಮೊದಲ ಪುಸ್ತಕದಿಂದ ಮತ್ತೆ ಹುಡುಕಿದರು. ಪುಟ್ಟಮಲ್ಲಮ್ಮ, ತಂದೆ ಗುರುಪಾದಪ್ಪ. ಒಂಬತ್ತನೆಯ ದಿನ ಸಿಕ್ಕಿತು. 1892ರ ಪುಸ್ತಕ, ಬಂಡಳ್ಳಿ, ಹೆಣ್ಣುಮಗು, ಎರಡು ವರ್ಷ, ಎಡತೋಳು, ಎರಡು ಗುರುತು, ದಾಕು ಹತ್ತಿದೆ. ಆ ಪುಟವನ್ನು ನನಗೂ ತೋರಿಸಿದರು. ತಮಿಳು ನನಗೆ ಬಾರದು. ಅವರು ಬೆರಳಿಟ್ಟು ಓದಿದ್ದನ್ನು ಎರಡು ಸಲ ಕೇಳಿ ಬರೆದುಕೊಂಡಿದ್ದೇನೆ.

ಕಾಗದ ಸಿಕ್ಕರೆ ಸಾಲದು, ಮನೆ ಸಿಗಬೇಕು. ರಜೆ ಹಾಕಿ ಬಂಡಳ್ಳಿಗೆ ಹೋದರು. ಗುರುಪಾದಪ್ಪನ ಮೊಮ್ಮಗ ಕೆಂಪನಂಜಪ್ಪ ಹೊಲದಲ್ಲಿದ್ದರು. ಮೊದಲು ಜಮೀನಿನ ತಕರಾರೆಂದು ಹೆದರಿದರು. "ಭಾಗ ಕೇಳಾಕೆ ಬಂದವ್ರಾ?" ಎಂದರಂತೆ. ಸೋದರತ್ತೆಯ ವಿಷಯವೆಂದು ಹೇಳಿದ ಮೇಲೆ ಗುದ್ದಲಿ ಕೆಳಗಿಟ್ಟರು.

ಮಗಳನ್ನು ಮೈಸೂರು ಸೀಮೆಗೆ ಕೊಟ್ಟ ವರ್ಷವೇ ಪ್ಲೇಗು ಬಂತಂತೆ. ಗಡಿಯ ಕಾವಲಿನಲ್ಲಿ ಆ ಸೀಮೆಯವರನ್ನು ಈಚೆಗೆ, ಈ ಸೀಮೆಯವರನ್ನು ಆಚೆಗೆ ಬಿಡಲಿಲ್ಲ. ಗುರುಪಾದಪ್ಪ ದಂಪತಿ ಆ ಪ್ಲೇಗಿಗೇ ಹೋದರು. ಉಳಿದ ಆರು ವರ್ಷದ ಮಗನನ್ನು ಬೇರೆ ಊರಿನ ನೆಂಟರು ಸಾಕಿದರು. ದೊಡ್ಡವನಾಗಿ ಬಂಡಳ್ಳಿಗೆ ಮರಳಿದ ಆ ಮಗನೇ ಕೆಂಪನಂಜಪ್ಪನ ತಂದೆ. "ಮೈಸೂರು ಸೀಮೇಲಿ ನಂಗೊಬ್ಳು ಅಕ್ಕ ಅವ್ಳೆ ಅಂತ ಅಪ್ಪ ಸಾಯೋಗಂಟ ಅಂತಿದ್ರು," ಎಂದು ಅವರು ಹೇಳಿದರು. "ಊರು ಗೊತ್ತಿರ್ಲಿಲ್ಲ. ಎಲ್ಲಿ ಅಂತ ಉಡ್ಕಾಣ?"

ಮುಂದಿನ ಸೋಮವಾರ ಕೆಂಪನಂಜಪ್ಪ ಹೆಂಡತಿಯೊಂದಿಗೆ ಮಾಂಬಳ್ಳಿಗೆ ಹೋದರು. ಚಿಕ್ಕಮಾದಪ್ಪನವರು ಹೋಗಲಿಲ್ಲ. "ಅದು ಮನೆಯೋರ ಕೆಲ್ಸ ಸಾ. ನಾನ್ಯಾಕೆ?" ಮೂವತ್ತಮೂರು ವರ್ಷಗಳಲ್ಲಿ ಇವರು ಹುಡುಕಿಕೊಟ್ಟದ್ದರಿಂದ ಯಾರಿಗೆ ಏನಾಯಿತು ಎಂಬುದು ಇವರಿಗೆ ತಿಳಿದದ್ದೇ ಇಲ್ಲ. ಕಾಗದ ಸಿಕ್ಕವರು ಕಾಗದ ಹಿಡಿದುಕೊಂಡು ಹೋಗುತ್ತಾರೆ, ಅಷ್ಟೇ.

ಹದಿನೈದು ದಿನದ ಮೇಲೆ ಶಿವರತ್ನಮ್ಮ ಬಂದರು. ಇನ್ನೊಂದು ನಕಲು ಬೇಕೇನೋ ಎಂದು ಇವರು ಬೀರುವಿನ ಕಡೆ ಹೊರಟರು. ಬೇಡವೆಂದು ಆಕೆ ಜಗಲಿಯ ಮೇಲೆ ಕೂತರು. ನಡೆದದ್ದನ್ನೆಲ್ಲ ಹೇಳಿದರು. ಬಂಡಳ್ಳಿಯವರು ಸೀರೆ ತಂದಿದ್ದರು, ತಾಯಿಯ ಸಮಾಧಿಗೆ ಹೊದಿಸಿದರು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ವಾಪಸು ಬರುವಾಗ ಎದುರು ಮನೆಯ ಮುದುಕಿಯೂ ಬಾಗಿಲಲ್ಲಿದ್ದಳು. ಒಳಗೆ ಹೋಗಿ ಚೊಂಬು ಹಿಡಿದು ಬಂದಳು. "ನೆಂಟ್ರು ಬಿಸ್ಲಲ್ಲಿ ಬಂದವ್ರೆ, ನೀರ್ ಕೊಡೇ ರತ್ನಿ," ಎಂದಳು.

ಇಷ್ಟು ಹೇಳಿ ಚಿಕ್ಕಮಾದಪ್ಪನವರು ಕೊನೆಯ ಗಂಟು ಕಟ್ಟುತ್ತಾರೆ. ಗುಮಾಸ್ತರ ಸೈಕಲ್ಲಿನ ಸದ್ದು ಕೇಳಿಸುತ್ತಿದೆ. ಮುಂದಿನ ವರ್ಷ ಇವರಿಗೆ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಲ್ಲವೆಂದು ತಲೆಯಾಡಿಸುತ್ತಾರೆ. ಗಂಟನ್ನು ಎದೆಗಾನಿಸಿಕೊಂಡು ಬಾಗಿಲವರೆಗೆ ಹೋಗಿ, ನಿಲ್ಲುತ್ತಾರೆ.

"ಅವತ್ತು ಆಯಮ್ಮ ಮೂರು ಗಂಟೆ ಕೂತಿದ್ರು ಸಾ. ಈ ಜಗ್ಲಿಗೆ ಕೆಲ್ಸ ಇಲ್ದೆ ಬಂದೋರು ಅವ್ರೊಬ್ರೇ. ಇನ್ನೊಂದ್ಸಲ ಬಂದ್ರೆ ಚೆಂದಾಗಿರ್ತದೆ."